ಒಂದೇ ಎಪಿಸೋಡ್‌ನಲ್ಲಿ ಕಣ್ಣೀರು ತರಿಸಬೇಕು: ಇನ್ನರ್ ಲೈಟ್ ಸಾಕಾ, ವಿಸಿಟರ್ ಬೇಕಾ?

ನಿಶಾಚರ:
ಸೈ-ಫೈ ಎಂದರೆ ಮೂಗು ಮುರಿಯುವ ಗೆಳೆಯರಿಗೆ ತೋರಿಸಲು ಒಂದೇ ಎಪಿಸೋಡ್ ಹೇಳಿ. ಸ್ಟಾರ್ ಟ್ರೆಕ್‌ನ ‘ದಿ ಇನ್ನರ್ ಲೈಟ್’ (1992), ‘ದಿ ವಿಸಿಟರ್’ (1995), ಡಾಕ್ಟರ್ ಹೂ ಸರಣಿಯ ‘ಡೂಮ್ಸ್‌ಡೇ’ (2006) ಪಟ್ಟಿಯಲ್ಲಿವೆ. ಹಿಂದಿನ ಕಥೆ ಗೊತ್ತಿಲ್ಲದವರಿಗೂ ತಟ್ಟುವುದು ಯಾವುದು? ಸ್ಪಾಯ್ಲರ್ ಪರವಾಗಿಲ್ಲ.

ತಿರುಗುಬಾಣ:
ಇನ್ನರ್ ಲೈಟ್, ಅನುಮಾನವೇ ಬೇಡ. ಪಿಕಾರ್ಡ್ ಹಡಗಿನ ಕ್ಯಾಪ್ಟನ್, ಸಂಸಾರವಿಲ್ಲದವನು, ಇಷ್ಟು ಗೊತ್ತಿದ್ದರೆ ಸಾಕು. ಹಳೆಯ ಯಂತ್ರವೊಂದರ ಕಿರಣ ತಗುಲಿ ಕುಸಿಯುತ್ತಾನೆ. ಹಡಗಿನಲ್ಲಿ ಕಳೆಯುವುದು ಸುಮಾರು 25 ನಿಮಿಷ, ಅವನ ತಲೆಯೊಳಗೆ ಕಾಮಿನ್ ಎಂಬವನ ಇಡೀ ಬಾಳು: ಹೆಂಡತಿ, ಮಕ್ಕಳು, ಬತ್ತುತ್ತಿರುವ ಊರು. ಖಳನಾಯಕ ಇಲ್ಲವೇ ಇಲ್ಲ. ಸಾಯುವ ಎಲೀನ್ ಗಂಡನಿಗೆ ಹೇಳುವುದು ‘ಬೂಟು ಎತ್ತಿಡು’ ಅಂತ. ಅಲ್ಲೇ ಗಂಟಲು ಕಟ್ಟುವುದು.

ಕೊಳಲನ್ನೂ ಗಮನಿಸಿ. ಮೊದಲು ತಡವರಿಸಿ ಊದುತ್ತಾನೆ, ವರ್ಷಗಳು ಕಳೆದಂತೆ ಕೈ ಪಳಗುತ್ತದೆ. ಎಚ್ಚರವಾದ ಮೇಲೆ ಅದೇ ಯಂತ್ರದಲ್ಲಿ ಸಿಕ್ಕ ಕೊಳಲು ಕೈಗೆ ಬಂದರೆ ಬೆರಳಿಗೆ ರಾಗ ನೆನಪಿದೆ. ಬದುಕಿದ್ದಕ್ಕೆ ಬೇರೆ ಸಾಕ್ಷಿ ಬೇಕೇ? ಅದನ್ನು ಬಾಯಲ್ಲಿ ಹೇಳಿಸಿದ್ದರೆ ದೃಶ್ಯ ಕೆಡುತ್ತಿತ್ತು. ಮಗ ಬಟಾಯ್ ಪಾತ್ರ ಮಾಡಿದ್ದು ಪಿಕಾರ್ಡ್ ಪಾತ್ರಧಾರಿ ಪ್ಯಾಟ್ರಿಕ್ ಸ್ಟೀವರ್ಟ್‌ನ ಸ್ವಂತ ಮಗ ಡೇನಿಯಲ್, ಇದನ್ನು ನೋಡಿದ ಮೇಲೆ ಹೇಳಿ.

ಅರೆಬೆಳಕು:
ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಅಷ್ಟು ದೊಡ್ಡ ಬದುಕು ಕಳೆದುಕೊಂಡವನು ಮುಂದಿನ ಎಪಿಸೋಡ್‌ನಲ್ಲಿ ಏನೂ ಆಗದವನಂತೆ ಇರುತ್ತಾನೆ! ಆ ಕೊಳಲಿನ ವಿಷಯಕ್ಕೆ ಸರಿಯಾಗಿ ಬರುವುದು ಅದೇ ಸರಣಿಯ 1993ರ ‘ಲೆಸನ್ಸ್’ ಎಪಿಸೋಡ್‌ನಲ್ಲಿ. ಜೊತೆಗೆ ತೋರಿಸಿ.

ವಿಸಿಟರ್ ಹಾಗಲ್ಲ, ನೋವು ಎಪಿಸೋಡಿನ ಒಳಗೇ ಬೆಳೆಯುತ್ತದೆ. ಅಪಘಾತದಲ್ಲಿ ಮಾಯವಾದ ಅಪ್ಪ ಅಪರೂಪಕ್ಕೊಮ್ಮೆ ಕೆಲವೇ ನಿಮಿಷ ಕಾಣುತ್ತಾನೆ. ಅಪ್ಪನಿಗೆ ವಯಸ್ಸಾಗದು, ಮಗ ಜೇಕ್ ಮುದುಕನಾಗುತ್ತಾನೆ (ಟೋನಿ ಟಾಡ್, ಅದ್ಭುತ). ಅಪ್ಪನನ್ನು ಹಿಂದಕ್ಕೆ ತರಲು ಬರವಣಿಗೆ ಬಿಟ್ಟವನು ಕೊನೆಗೆ ಪ್ರಾಣವನ್ನೇ ಕೊಡುತ್ತಾನೆ. ಆದರೆ ಮೊದಲು ವಿಸಿಟರ್ ಇರುವ ಸರಣಿಯ ಆರಂಭದ ಎಪಿಸೋಡ್ ‘ಎಮಿಸರಿ’ (1993) ತೋರಿಸಿ. ತಾಯಿ ಸತ್ತದ್ದು ಅಲ್ಲಿದೆ, ಇವನಿಗೆ ಅಪ್ಪ ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವುದು ಅದಿಲ್ಲದೆ ಪೂರ್ತಿ ತಾಗದು.

ಚುಕ್ಕಿಚಂದ್ರಮ:
ಡೂಮ್ಸ್‌ಡೇ ಬಿಡಿಯಾಗಿ ಹಾಕಬೇಡಿ, ದಂಡ. 2005ರಿಂದ ಎರಡು ಸೀಸನ್ ಡಾಕ್ಟರ್‌ನ ಸಂಗಾತಿ ರೋಸ್ ಜೊತೆ ಓಡಾಡಿದವರಿಗೆ ಮಾತ್ರ ಆ ಕಡಲತೀರ ನೋಯಿಸುತ್ತದೆ. ಬೇರೊಂದು ವಿಶ್ವದಲ್ಲಿ ಸಿಕ್ಕಿಕೊಂಡ ಅವಳಿಗೆ ವಿದಾಯ ಹೇಳಲು ಡಾಕ್ಟರ್ ಒಂದು ಸೂರ್ಯನನ್ನೇ ಸುಡುತ್ತಾನೆ, ಸಿಗುವುದು ಎರಡೇ ನಿಮಿಷ, ಮುಟ್ಟಲೂ ಆಗದು. ‘ರೋಸ್ ಟೈಲರ್’ ಅನ್ನುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ತೋರಿಸಿದರೆ ರಿಮೋಟ್ ಕೈಯಲ್ಲೇ ಇರಲಿ: ಆಮೇಲೆ ಡಾಕ್ಟರ್‌ನ ಕಾಲಯಂತ್ರ ಟಾರ್ಡಿಸ್‌ನೊಳಗೆ ಮದುವಣಗಿತ್ತಿಯೊಬ್ಬಳು ಧುತ್ತೆಂದು ಬರುತ್ತಾಳೆ, ಅಳುತ್ತಿದ್ದವರೆಲ್ಲ ನಗುತ್ತಾರೆ. ಅದಕ್ಕಿಂತ ಮೊದಲೇ ನಿಲ್ಲಿಸಿ.