ಮೈಸೂರಲ್ಲಿ ಹೊಸ ಕಟ್ಟಡಕ್ಕೆಲ್ಲ ಗುಂಬಜ್ ಯಾಕೆ ಕೂರಿಸ್ತಾರೆ?

ಕುವೆಂಪುನಗರ ನಿವಾಸಿ:

ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ಏಳುತ್ತಿದೆ. ನಾಲ್ಕು ಮಹಡಿ. ಮುಂಭಾಗ ಪೂರ್ತಿ ನೀಲಿ ಗಾಜು. ಮೊನ್ನೆ ಕ್ರೇನ್ ತಂದು ನಾಲ್ಕು ಮೂಲೆಗೂ ಒಂದೊಂದು ಫೈಬರ್ ಗುಂಬಜ್ ಕೂರಿಸಿದರು. ಮೇಲೆ ಚಿನ್ನದ ಬಣ್ಣದ ಕಳಶ ಬೇರೆ. ಮೇಸ್ತ್ರಿಯನ್ನು ಕೇಳಿದರೆ "ಹೆರಿಟೇಜ್ ಲುಕ್ ಸಾರ್, ಮೈಸೂರಲ್ವಾ" ಅಂದ.

ಅವತ್ತಿನಿಂದ ಎಲ್ಲಿ ಹೋದರೂ ಇದೇ ಕಣ್ಣಿಗೆ ಬೀಳುತ್ತಿದೆ. ಬಸ್ ಸ್ಟಾಪಿಗೆ ಗುಂಬಜ್, ಶೌಚಾಲಯಕ್ಕೆ ಕಮಾನು, ಲೇಔಟ್ ಬಾಗಿಲಿಗೆ ಅರಮನೆ ಗೋಪುರ. ಇತ್ತ ನಿಜವಾದ ಹಳೇ ಕಟ್ಟಡಗಳ ಗತಿ ನೋಡಿ. ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದು ವರ್ಷಗಳೇ ಆದವು. ದೇವರಾಜ ಮಾರುಕಟ್ಟೆಯನ್ನು ರಿಪೇರಿ ಮಾಡಬೇಕಾ, ಕೆಡವಿ ಅದೇ ಥರ ಹೊಸದು ಕಟ್ಟಬೇಕಾ ಅನ್ನೋ ಜಗಳ ನಡೆದೇ ಇದೆ.

ನನ್ನ ಪ್ರಶ್ನೆ ಇಷ್ಟೇ. ಈ ಗುಂಬಜ್ ಹಾಕೋದರಿಂದ ಊರಿಗೆ ಏನಾದರೂ ಲಾಭ ಇದೆಯಾ? ಅಥವಾ ನಾನೇ ಸುಮ್ನೆ ತಲೆ ಕೆಡಿಸಿಕೊಳ್ತಿದ್ದೀನಾ? ಕಟ್ಟಡದ ಕೆಲಸ ಗೊತ್ತಿರೋರು ಹೇಳಿ.

ಬಲಮುರಿ:

ಸರ್, ನೀವು ಸ್ವಲ್ಪ ಜಾಸ್ತಿನೇ ಯೋಚನೆ ಮಾಡ್ತಿದ್ದೀರಿ ಅನ್ಸುತ್ತೆ. ಬರೀ ಗಾಜಿನ ಕಟ್ಟಡಕ್ಕಿಂತ ಒಂದು ಗುಂಬಜ್ ಇರೋದು ವಾಸಿ ಅಲ್ವಾ? ಬೆಂಗಳೂರು ಔಟರ್ ರಿಂಗ್ ರೋಡ್ ನೋಡಿ ಬನ್ನಿ. ಅಲ್ಲಿ ನಿಂತರೆ ಅದು ಯಾವ ಊರು ಅಂತಲೇ ಗೊತ್ತಾಗಲ್ಲ. ಇಲ್ಲಿ ಬಸ್ ಇಳಿದ ತಕ್ಷಣ ಮೈಸೂರು ಅಂತ ಗೊತ್ತಾಗುತ್ತೆ. ದಸರಾಕ್ಕೆ ಬರೋ ಜನಕ್ಕೆ ಅದೇ ಬೇಕು. ನಮ್ಮ ಊರಿಗೆ ಒಂದು ಗುರುತು ಇದೆ, ಅದನ್ನು ಬಿಟ್ಟುಕೊಡಬಾರದು.

ಟಿ ಸ್ಕ್ವೇರ್:

ಇಬ್ಬರಿಗೂ ನಮಸ್ಕಾರ. ನಾನು ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡಿಕೊಂಡಿದ್ದು ರಿಟೈರ್ ಆದವಳು. ಮನೆ ಲಕ್ಷ್ಮೀಪುರಂ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದರೆ ಓದಿ.

ಮೊದಲು ಈ ಗುಂಬಜ್ ಹೇಗೆ ಬರುತ್ತದೆ ಹೇಳುತ್ತೇನೆ. ಪ್ಲಾನ್ ಎಲ್ಲ ಮುಗಿದಿರುತ್ತದೆ. ಕಾರ್ ಪಾರ್ಕಿಂಗ್, ಲಿಫ್ಟ್, ಊಟದ ಹಾಲ್ ಎಲ್ಲ ಕೂತಿರುತ್ತದೆ. ಕೊನೆಗೆ ಓನರ್ ಬಂದು "ಮೇಡಂ, ಮೇಲೆ ಒಂಚೂರು ಪ್ಯಾಲೇಸ್ ಥರ ಮಾಡಿ" ಅನ್ನುತ್ತಾರೆ. ಆಗ ಕ್ಯಾಟಲಾಗ್ ತೆಗೆಯುವುದು. ಆರು ಅಡಿ, ಎಂಟು ಅಡಿ, ಹತ್ತು ಅಡಿ ಅಗಲದ್ದು ರೆಡಿ ಇರುತ್ತವೆ. ಎರಡು ಹೋಳಾಗಿ ಲಾರಿಯಲ್ಲಿ ಬರುತ್ತದೆ, ಮೇಲೆ ಬೋಲ್ಟ್ ಹಾಕಿ ಜೋಡಿಸುತ್ತಾರೆ. ಒಳಗೆ ಖಾಲಿ. ಒಂದೆರಡು ಮಳೆಗಾಲ ಕಳೆಯಲಿ, ಜೋಡಿಸಿದ ಗೆರೆಯಲ್ಲಿ ಕಪ್ಪು ನೀರು ಇಳಿದ ಪಟ್ಟೆ ಬೀಳುತ್ತದೆ. ಆಮೇಲೆ ಅದು ಪಾರಿವಾಳದ ಮನೆ.

ಈಗ ಅರಮನೆಗೆ ಬನ್ನಿ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೊಸದನ್ನು ಹೆನ್ರಿ ಇರ್ವಿನ್ ಡಿಸೈನ್ ಮಾಡಿದ, 1912ಕ್ಕೆ ಕೆಲಸ ಮುಗಿಯಿತು. ನಡುವಿನ ಗೋಪುರ ಸುಮಾರು 145 ಅಡಿ. ಆದರೆ ಅದರ ಮುಂದೆ ಎಷ್ಟು ಬಯಲು ಬಿಟ್ಟಿದ್ದಾರೆ ನೋಡಿ. ಬಾಗಿಲಲ್ಲಿ ನಿಂತವನಿಗೆ ಇಡೀ ಕಟ್ಟಡ ಒಂದೇ ನೋಟಕ್ಕೆ ಸಿಗುತ್ತದೆ. ಗೋಪುರ ನಡುವೆ, ಗುಂಬಜ್‌ಗಳು ಆಚೀಚೆ, ಆಕಾಶದ ಎದುರು. 1921ರ ಲಲಿತಮಹಲ್ ಕೂಡ ಹಾಗೇ. ಏರಿನ ಮೇಲೆ ಕೂರಿಸಿ, ಸುತ್ತ ಜಾಗ ಬಿಟ್ಟಿದ್ದಾರೆ. ಅದಕ್ಕೇ ದೂರದಿಂದ ಬೆಳ್ಳಗೆ ಕಾಣುತ್ತದೆ. ಗುಂಬಜ್ ಇರುವುದು ದೂರದಿಂದ ನೋಡುವುದಕ್ಕೆ. ಆ ದೂರ ಇಲ್ಲದಿದ್ದರೆ ಅದಕ್ಕೆ ಕೆಲಸವೇ ಇಲ್ಲ.

ನಿಮ್ಮ ಕಲ್ಯಾಣ ಮಂಟಪದ ರಸ್ತೆ ಎಷ್ಟಗಲ ಇರಬಹುದು? ಮೂವತ್ತು ಅಡಿ, ನಲವತ್ತು ಅಡಿ? ನಾಲ್ಕು ಮಹಡಿ ಮೇಲಿನ ಗುಂಬಜ್ ಅಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಕತ್ತು ಎತ್ತಿದರೆ ಕಾಣುವುದು ಗಾಜು, ಎಸಿ ಪೈಪು. ಆ ಗುಂಬಜ್ ಚೆನ್ನಾಗಿ ಕಾಣುವುದು ನಿಮ್ಮ ಮನೆ ತಾರಸಿಯಿಂದ ಮಾತ್ರ, ಬಟ್ಟೆ ಒಣಗಿಸಲು ಹೋದಾಗ! ಪುಣ್ಯ ಮಾಡಿದ್ದೀರಿ.

ಬಲಮುರಿ ಅವರೇ, ಗುರುತು ಬೇಕು ಅಂದಿರಿ. ಒಪ್ಪಿದೆ. ಆದರೆ ಈ ಗುರುತಿಗೆ ಬೇರು ಎಷ್ಟಿದೆ ನೋಡಿ. 2022ರ ನವೆಂಬರ್‌ನಲ್ಲಿ ಊಟಿ ರಸ್ತೆಯ ಬಸ್ ತಂಗುದಾಣದ ಗಲಾಟೆ ನೆನಪಿದೆಯಾ? ಮೂರು ಗುಂಬಜ್ ಇತ್ತು. ಅದು ಮಸೀದಿ ಥರ ಕಾಣುತ್ತದೆ ಅಂತ ಒಬ್ಬರು, ಅಲ್ಲ ಅರಮನೆ ಥರ ಅಂತ ಇನ್ನೊಬ್ಬರು. ಕೊನೆಗೆ ಆಚೀಚೆಯ ಎರಡನ್ನು ತೆಗೆದುಹಾಕಿದರು, ನಡುವಿನದು ಉಳಿಯಿತು. ತಂಗುದಾಣಕ್ಕೆ ಏನೂ ಆಗಲಿಲ್ಲ, ಜನ ಅಲ್ಲೇ ಬಸ್ಸಿಗೆ ಕಾದರು. ಅಂದಮೇಲೆ ಆ ಗುಂಬಜ್ ಅಲ್ಲಿ ಏನು ಮಾಡುತ್ತಿತ್ತು? ಅರಮನೆಯ ಗುಂಬಜ್ ತೆಗೆಯುವ ಮಾತು ಯಾರಾದರೂ ಆಡುತ್ತಾರಾ? ಅದೂ ಇಂಡೋ ಸಾರ್ಸೆನಿಕ್ ಶೈಲಿಯದೇ, ಹಿಂದೂ, ಮುಸ್ಲಿಂ, ಯುರೋಪಿನ ಕಟ್ಟುವ ರೀತಿ ಎಲ್ಲ ಬೆರೆತದ್ದೇ.

ನನ್ನ ಪ್ರಕಾರ ಮೈಸೂರಿನ ಚೆಂದ ಇರುವುದು ತಲೆಯ ಮೇಲಲ್ಲ, ಕಾಲಿನ ಹತ್ತಿರ. ನಮ್ಮ ಹಳೇ ಬಡಾವಣೆಗಳನ್ನು ನೋಡಿ. ಪ್ಲೇಗ್ ಬಂದು ಹೋದ ಮೇಲೆ ಗಾಳಿ ಬೆಳಕು ಬೇಕು ಅಂತ ಊರನ್ನು ಹೊರಕ್ಕೆ ಹಿಗ್ಗಿಸಿದರು. 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಕಾಯ್ದೆ ಬಂತು, ಟ್ರಸ್ಟ್ ಬೋರ್ಡ್ ಆಯಿತು. ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಶುಚಿ ಮಾಡುವವರು ಓಡಾಡುವ ಓಣಿ, ಬಿಟ್ಟರು. ಮನೆಗೂ ರಸ್ತೆಗೂ ನಡುವೆ ಒಂದು ಕೈತೋಟ, ಒಂದು ಜಗುಲಿ. ಕೃಷ್ಣರಾಜ ಬುಲೆವಾರ್ಡ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಡೆದು ನೋಡಿ, ಮರದ ನೆರಳು ಹೇಗಿದೆ ಅಂತ. ಲ್ಯಾನ್ಸ್‌ಡೌನ್ ಕಟ್ಟಡದ ಕೆಳಗೆ ಹಳೇ ಪುಸ್ತಕದ ಅಂಗಡಿಗಳಿದ್ದ ಕಾಲದಲ್ಲಿ ಮಳೆ ಬಂದರೆ ಅಲ್ಲೇ ನಿಲ್ಲುತ್ತಿದ್ದೆವು. ಸುಮ್ನೆ ನಿಂತರೆ ಸರಿ ಇರಲ್ಲ ಅಂತ ಒಂದು ಪುಸ್ತಕ ತಿರುವಿ ಹಾಕುವುದು, ಕೊನೆಗೆ ಕೊಂಡುಕೊಳ್ಳುವುದು. ಈಗಿನ ಶೋರೂಮ್ ಮುಂದೆ ಮಳೆಗೆ ನಿಲ್ಲೋಕೆ ಒಂದಡಿ ಸಜ್ಜಾ ಕೂಡ ಇರಲ್ಲ. ನಿಂತರೆ ಸೆಕ್ಯುರಿಟಿ "ಮುಂದೆ ಹೋಗಿ ಅಮ್ಮಾ" ಅಂತಾನೆ.

ಇನ್ನು ರಿಪೇರಿ ವಿಷಯ. ಲ್ಯಾನ್ಸ್‌ಡೌನ್ ಕುಸಿದದ್ದು 2012ರ ಆಗಸ್ಟ್, ಜೀವಗಳೂ ಹೋದವು. ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ ಕುಸಿದದ್ದು 2016ರ ಆಗಸ್ಟ್. ಎರಡೂ ಮಳೆಗಾಲದಲ್ಲೇ. "ಹಳೇದಾಯಿತು, ಬಿತ್ತು" ಅನ್ನುವವರಿಗೆ ನಾನು ಕೇಳುವುದು, ಹಾಗಾದರೆ ಬೇಸಿಗೆಯಲ್ಲಿ ಯಾಕೆ ಬೀಳಲಿಲ್ಲ? ಸುಣ್ಣದ ಗಾರೆಯ ಗೋಡೆಗೆ ವಯಸ್ಸು ಶತ್ರು ಅಲ್ಲ, ನೀರು ಶತ್ರು. ತಾರಸಿಯಲ್ಲಿ ಅರಳಿ ಗಿಡ ಹುಟ್ಟಿದಾಗ ಕಿತ್ತುಹಾಕಲ್ಲ. ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ನೋಡಲ್ಲ. ಸೋರಿದ ಕಡೆ ಸಿಮೆಂಟ್ ಮೆತ್ತುತ್ತಾರೆ. ಸುಣ್ಣದ ಗೋಡೆ ಉಸಿರಾಡಬೇಕು. ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲ್ಲ. ಉಪ್ಪು ಬಿಟ್ಟು, ಗಾರೆ ಉದುರಿ, ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ.

ನಮ್ಮ ಮನೆಯದೂ ಮದ್ರಾಸ್ ತಾರಸಿ. ತೇಗದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಕಾಂಕ್ರೀಟ್. ಒಂದು ಮೂಲೆ ಸೋರುತ್ತಿತ್ತು. ಕರೆಸಿದ ಕಂಟ್ರಾಕ್ಟರ್ ಮೇಲೆ ಹತ್ತಿ ಕೂಡ ನೋಡದೆ "ಎಲ್ಲ ತೆಗೆದು ಆರ್‌ಸಿಸಿ ಹಾಕೋಣ" ಅಂದ. ಅವನನ್ನು ಕಳಿಸಿ, ನಂಜನಗೂಡಿನ ಕಡೆಯ ಒಬ್ಬ ಹಳೇ ಗಾರೆ ಮೇಸ್ತ್ರಿಯನ್ನು ಹುಡುಕಿ ಕರೆತಂದೆವು. ಆತ ಮೊದಲು ಮಾಡಿದ್ದು ಕಿವಿ ಕೊಟ್ಟು ಕೇಳುವುದು. ಸಣ್ಣ ಸುತ್ತಿಗೆಯಲ್ಲಿ ತಾರಸಿ ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಒಂದು ಸದ್ದು, ಟೊಳ್ಳಿದ್ದ ಕಡೆ ಇನ್ನೊಂದು. ಟೊಳ್ಳಿದ್ದಷ್ಟನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಷ್ಟನ್ನೇ ತೆಗೆದರು. ಒಂದು ಜಂತೆಯ ತುದಿ ಮಾತ್ರ ಕೊಳೆತಿತ್ತು. ಅಳಲೆಕಾಯಿ, ಬೆಲ್ಲ ನೆನೆಹಾಕಿದ ನೀರು ಸೇರಿಸಿ ಸುಣ್ಣ ಹದ ಮಾಡಿ, ಸುರಿದು, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ಬಡಿದರು. ಹಲಗೆ ಎಗರುವ ತನಕ ಬಡಿಯಬೇಕು. ಅಲ್ಲಿವರೆಗೆ ಬಿಡುವಂತಿಲ್ಲ. ಆಮೇಲೆ ಆ ಮೂಲೆ ಸೋರಿಲ್ಲ.

ಒಂದು ಮನೆಗೂ ಒಂದು ಮಾರುಕಟ್ಟೆಗೂ ವ್ಯತ್ಯಾಸ ಇದೆ, ಗೊತ್ತು. ಅಲ್ಲಿ ನೂರಾರು ಅಂಗಡಿ, ಸಾವಿರಾರು ಜನ, ತಲೆ ಮೇಲೆ ಬಿದ್ದರೆ ಯಾರು ಹೊಣೆ? 2023ರಲ್ಲಿ ಹೈಕೋರ್ಟ್ ಕೂಡ ಕೆಡವುವ ತೀರ್ಮಾನಕ್ಕೆ ಅಡ್ಡ ಬರಲಿಲ್ಲ. ಆದರೂ ನನ್ನ ಓಟು ರಿಪೇರಿಗೇ. "ಅದೇ ಥರ ಕಟ್ಟುತ್ತೇವೆ" ಅನ್ನುವ ಮಾತಿನಲ್ಲಿ ನನಗೆ ನಂಬಿಕೆ ಕಡಿಮೆ. ಅದೇ ಥರ ಅಂದರೆ ಸಯ್ಯಾಜಿರಾವ್ ರಸ್ತೆಗೆ ಕಾಣುವ ಮುಖ ಅದೇ ಥರ. ಒಳಗೆ ಕಾಂಕ್ರೀಟ್ ಪಿಲ್ಲರ್, ಕೆಳಗೆ ಪಾರ್ಕಿಂಗ್. ಹೂವಿನ ಸಾಲಿನಿಂದ ಬಾಳೆಹಣ್ಣಿನ ಕಡೆಗೆ ಹೋಗುವ ಆ ಬೆಳಕು, ಆ ತಗ್ಗು ಮಾಡು ಬರುವುದು ಕಷ್ಟ.

ಮಲ್ಲಿಗೆ ಮೊಳ:

ಟಿ ಸ್ಕ್ವೇರ್ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದರೆ ಆ ಬೆಳಕಿನ ಕೆಳಗೆ ದಿನಾ ಕೂರುವವರ ಮಾತೂ ಸ್ವಲ್ಪ ಕೇಳಿ. ನಮ್ಮ ಮಾವನದು ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ಮಳೆ ಬಂದರೆ ಬುಟ್ಟಿ ಮೇಲೆ ಪ್ಲಾಸ್ಟಿಕ್ ಎಳೆದು, ತಮ್ಮ ತಲೆ ಮೇಲೂ ಎಳೆದುಕೊಂಡು ಕೂರುತ್ತಾರೆ. ಕಾಲಡಿ ಕೆಸರು. ಹೆಂಗಸರಿಗೆ ಶೌಚಾಲಯ ಅಂದರೆ ಅಷ್ಟು ದೂರ ನಡೆಯಬೇಕು. ಫೋಟೋ ತೆಗೆಯೋಕೆ ಬರೋರಿಗೆ ಕುಂಕುಮದ ರಾಶಿ ಕಾಣುತ್ತೆ, ಇದು ಕಾಣಲ್ಲ.

ಹಾಗಂತ ಕೆಡವಿ ಅಂತಲೂ ನಾವು ಹೇಳಲ್ಲ. ಯಾಕೆ ಗೊತ್ತಾ? ಕೆಡವಿದರೆ ಬೇರೆ ಕಡೆ ಹೋಗಬೇಕು. ಎಷ್ಟು ವರ್ಷಕ್ಕೆ ಅಂತ ಯಾರೂ ಬರೆದುಕೊಡಲ್ಲ. ವಾಪಸ್ ಬಂದಾಗ ಅದೇ ಜಾಗ, ಅದೇ ಬಾಡಿಗೆ ಇರುತ್ತಾ? ನೆಲದ ಮೇಲೆ ಕೂತು ಮೊಳ ಹಾಕಿ ಮಾರುವವರಿಗೆ ಹೊಸ ಪ್ಲಾನಿನಲ್ಲಿ ಜಾಗವೇ ತೋರಿಸಲ್ಲ. ಅಂಗಡಿ ಅಂದರೆ ಶಟರ್ ಇರೋದು ಮಾತ್ರ ಅಂದುಕೊಂಡಿದ್ದಾರೆ. ಗುಂಬಜ್ ಹಾಕಲಿ ಬಿಡಲಿ, ಮೊದಲು ಇದಕ್ಕೆ ಉತ್ತರ ಬೇಕು.

ಟಿ ಸ್ಕ್ವೇರ್:

ನಿಮ್ಮ ಮಾತು ನಿಜ. ಶೌಚಾಲಯ, ಚರಂಡಿ, ನೆಲ ಇವಕ್ಕೆ ಗೋಡೆ ಕೆಡವಬೇಕಿಲ್ಲ. ಒಂದು ಸಾಲು ಮುಚ್ಚಿ ಇನ್ನೊಂದು ಸಾಲು ತೆರೆದಿಟ್ಟು, ಹಂತ ಹಂತವಾಗಿ ಮಾಡಬಹುದು. ಆಗ ಯಾರೂ ಪೂರ್ತಿ ಜಾಗ ಬಿಡಬೇಕಾಗಲ್ಲ. ರಿಪೇರಿ ಪರ ನಾನಿರುವುದಕ್ಕೆ ಇದೂ ಒಂದು ಕಾರಣ, ಮೊದಲೇ ಬರೆಯಬೇಕಿತ್ತು. ನೆಲದ ವ್ಯಾಪಾರದ ವಿಷಯವಂತೂ ನೂರಕ್ಕೆ ನೂರು ಸರಿ. ನಾನು ನೋಡಿದ ಯಾವ ಮಾರುಕಟ್ಟೆ ಡ್ರಾಯಿಂಗ್‌ನಲ್ಲೂ ನೆಲದಲ್ಲಿ ಕೂತ ಮನುಷ್ಯನನ್ನು ಬರೆದಿರಲಿಲ್ಲ. ಕಾರು ಮಾತ್ರ ಎಲ್ಲದರಲ್ಲೂ ಇರುತ್ತಿತ್ತು.

ಬಲಮುರಿ:

ಮೇಡಂ, ಗುಂಬಜ್ ಕಾಣೋದೇ ಇಲ್ಲ ಅನ್ನೋದನ್ನು ಪರೀಕ್ಷೆ ಮಾಡೋಣ ಅಂತ ಸಂಜೆ ಸ್ಕೂಟರ್ ನಿಲ್ಲಿಸಿ ಎರಡು ಶೋರೂಮ್ ಮುಂದೆ ಕತ್ತೆತ್ತಿ ನೋಡಿದೆ. ಒಂದರಲ್ಲಿ ಕಳಶದ ತುದಿ ಮಾತ್ರ ಕಾಣಿಸಿತು. ಇನ್ನೊಂದರಲ್ಲಿ ಅದೂ ಇಲ್ಲ. ಆದರೂ ನನ್ನ ವಾದ ಪೂರ್ತಿ ಬಿಡಲ್ಲ. ಮೇನ್ ರೋಡಲ್ಲಿ, ಸರ್ಕಲ್ಲಲ್ಲಿ ಇದ್ದರೆ ಚೆಂದವೇ.

ಕುವೆಂಪುನಗರ ನಿವಾಸಿ:

ಎಲ್ಲರಿಗೂ ಧನ್ಯವಾದ. ಮೇಡಂ, ಇನ್ನೊಂದು ಪ್ರಶ್ನೆ. ನಮ್ಮ ತಮ್ಮ ಬೋಗಾದಿ ಕಡೆ ಮನೆ ಕಟ್ಟಿಸುತ್ತಿದ್ದಾನೆ. ಬಿಲ್ಡರ್ ಅವನಿಗೂ ಒಂದು 3ಡಿ ಚಿತ್ರ ಕಳಿಸಿದ್ದಾನೆ. ಕಮಾನು, ಎರಡು ಪುಟ್ಟ ಗುಂಬಜ್ ಎಲ್ಲ ಇದೆ. ತಮ್ಮನಿಗೆ ಬಹಳ ಇಷ್ಟ ಆಗಿದೆ. ಅವನ ಮನಸ್ಸು ನೋಯಿಸದೆ ಏನು ಹೇಳಲಿ?

ಟಿ ಸ್ಕ್ವೇರ್:

ಬೇಡ ಅನ್ನಬೇಡಿ, ಹಟ ಹಿಡಿಯುತ್ತಾರೆ. ಬಿಲ್ಡರ್ ಹತ್ತಿರ ಎಲಿವೇಶನ್, ಅಂದರೆ ಮುಂಭಾಗದ ಚಿತ್ರ, ಬಿಟ್ಟು ಸೆಕ್ಷನ್ ಕೇಳಿ ಅನ್ನಿ. ಮನೆಯನ್ನು ಮಧ್ಯಕ್ಕೆ ಕೊಯ್ದ ಹಾಗೆ ಬರೆಯುವ ಡ್ರಾಯಿಂಗ್ ಅದು. ಸಜ್ಜಾ ಎಷ್ಟು ಹೊರಗೆ ಬಂದಿದೆ, ಪಶ್ಚಿಮದ ಬಿಸಿಲು ಹಾಲ್ ಒಳಗೆ ಎಲ್ಲಿವರೆಗೆ ಬರುತ್ತದೆ, ತಾರಸಿ ನೀರು ಎತ್ತ ಇಳಿಯುತ್ತದೆ, ಬಾಗಿಲ ಮುಂದೆ ಇಬ್ಬರು ಕೂರುವಷ್ಟು ಜಗುಲಿ ಇದೆಯಾ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಸಜ್ಜಾ ಎರಡಡಿಗಿಂತ ಕಡಿಮೆ ಇದ್ದರೆ ಒಪ್ಪಬೇಡಿ. ಆಮೇಲೆ ಆ ಎರಡು ಗುಂಬಜ್‌ಗೆ ಎಷ್ಟು ಖರ್ಚು ಅಂತ ಬೇರೆ ಬರೆಸಿಕೊಳ್ಳಿ. ಆ ದುಡ್ಡಲ್ಲಿ ಮುಂದೆ ಒಂದು ಜಗುಲಿ, ಅದಕ್ಕೊಂದು ಮಾಡು ಆಗುತ್ತದೆ ಅಂತ ತಮ್ಮನಿಗಲ್ಲ, ತಮ್ಮನ ಹೆಂಡತಿಗೆ ಹೇಳಿ.