ಕುದುರೆಗೆ ನಾನೇ ಹೊಲಿದ ಮೊದಲ ವೆಸ್ಟರ್ನ್ ಜೀನು ಬಲಕ್ಕೆ ಜಾರುತ್ತಿದೆ, ತಪ್ಪು ಎಲ್ಲಿದೆ ನೋಡಿ ಹೇಳಿ

ವರದಾತೀರ

ಎಲ್ಲರಿಗೂ ನಮಸ್ಕಾರ. ನನ್ನದು ಹಾವೇರಿ ಕಡೆ, ಈಗ ಇರೋದು ಟೆಕ್ಸಾಸ್‌ನ ವೆದರ್‌ಫರ್ಡ್ ಹತ್ತಿರ. 6 ವರ್ಷದಿಂದ ತೊಗಲಿನ ಕೆಲಸ ಮಾಡ್ತಿದ್ದೇನೆ. ಬೆಲ್ಟು, ಚೀಲ, ಲಗಾಮು ಅಂತ ಶುರುವಾಗಿ, ಆಮೇಲೆ ಅಕ್ಕಪಕ್ಕದ ರಾಂಚ್‌ನವರ ಹಳೇ ಜೀನುಗಳ ಸಣ್ಣಪುಟ್ಟ ರಿಪೇರಿ. ಹೋದ ವರ್ಷ ಧೈರ್ಯ ಮಾಡಿ ಒಂದು ಪೂರ್ತಿ ಜೀನಿಗೇ ಕೈ ಹಾಕಿದೆ. ಸಂಜೆ ಹೊತ್ತು, ರಜೆ ದಿನ ಕೂತು 14 ತಿಂಗಳು ಹಿಡೀತು.

ಒಳಗಿನ ಟ್ರೀ, ಅಂದ್ರೆ ಜೀನಿನ ಮರದ ಚೌಕಟ್ಟು, ನಾನು ಮಾಡಿದ್ದಲ್ಲ. ಗೌರಿಯ ಬೆನ್ನಿನ ಅಳತೆ ಕೊಟ್ಟು ಕೈಯಲ್ಲೇ ಟ್ರೀ ಮಾಡುವವರಿಂದ ತರಿಸಿದ್ದು, ಪೈನ್ ಮರ, ಮೇಲೆ ಹಸಿದೊಗಲಿನ ಹೊದಿಕೆ. ಗೌರಿ ಅಂದ್ರೆ ನನ್ನ ಕುದುರೆ, 11 ವರ್ಷದ ಕ್ವಾರ್ಟರ್ ಹಾರ್ಸ್ ತಳಿಯವಳು. ತೊಗಲು ಮರದ ತೊಗಟೆಯಲ್ಲಿ ಹದ ಮಾಡಿದ 13–15 ಔನ್ಸಿನ ಸ್ಕರ್ಟಿಂಗ್, ಅಂದ್ರೆ 5ರಿಂದ 6 ಮಿಲಿಮೀಟರ್ ದಪ್ಪ. ರಿಗ್ಗಿಂಗ್, ಅಂದ್ರೆ ಸಿಂಚ್ (ಹೊಟ್ಟೆಪಟ್ಟಿ) ಕಟ್ಟುವ ರಿಂಗುಗಳು, 7/8 ಜಾಗದಲ್ಲಿ, ಪೂರ್ತಿ ಮುಂದಕ್ಕಲ್ಲದೆ ತುಸು ಹಿಂದೆ. ರಿಂಗಿರುವ ಪ್ಲೇಟನ್ನು ಟ್ರೀಗೆ ಸ್ಕ್ರೂ ಹಾಕಿ ಕೂರಿಸಿದ್ದೇನೆ. ಗ್ರೌಂಡ್ ಸೀಟಿಗೆ, ಅಂದ್ರೆ ಸೀಟಿನ ತೊಗಲಿನ ಅಡಿಯ ತಳಕ್ಕೆ, ಸ್ಟ್ರೇನರ್ ಅನ್ನೋ ತಗಡು, ಅದರ ಮೇಲೆ ಎರಡು ಪದರ ತೊಗಲು. ಕೆತ್ತನೆ ಶೆರಿಡನ್ ಶೈಲಿಯದು.

ಫೋಟೋ ನೋಡಿದವರೆಲ್ಲ ಹೂವಿನ ಕೆತ್ತನೆ ಹೊಗಳ್ತಾರೆ. ಸಂತೋಷವೇ. ಆದರೆ ಜೀನು ಹಾಕಿ 40 ನಿಮಿಷ ಟ್ರಾಟ್ (ಸಣ್ಣ ಓಟ) ಮಾಡಿಸಿದರೆ ಅದು ಮೆಲ್ಲಗೆ ಬಲಕ್ಕೆ ಸರಿಯುತ್ತೆ. ಇಳಿದು ನೋಡಿದಾಗ ಹಾರ್ನ್ (ಜೀನಿನ ಮುಂದೆ ಎದ್ದಿರುವ ಗೂಟ) ಕುದುರೆಯ ಜೂಲಿನ ನೇರಕ್ಕೆ ಇರೋದಿಲ್ಲ. ನಾನು ಕೂತ ಭಂಗಿಯೂ ಸರಿಯಿಲ್ಲ, ಕುರ್ಚಿಯಲ್ಲಿ ಒರಗಿದ ಹಾಗೆ ಹಿಂದಕ್ಕೆ ಹೋಗ್ತೇನೆ, ಪಾದ ಎರಡೂ ಮುಂದಕ್ಕೆ ಚಾಚುತ್ತೆ. ಎಡ ರಿಕಾಪು ಬಲದ್ದಕ್ಕಿಂತ ಅರ್ಧ ಇಂಚು ಕೆಳಗಿದೆ, ತೂತು ಒಂದೇ ಲೆಕ್ಕದಲ್ಲಿ ಹೊಡೆದಿದ್ದರೂ. ನಿನ್ನೆ ಜೀನು ಇಳಿಸಿದಾಗ ಬೆನ್ನೆಲ್ಲ ಬೆವರಿನಲ್ಲಿ ತೊಯ್ದಿತ್ತು, ಎಡ ಭುಜದ ಹಿಂದೆ ಮಾತ್ರ ಅಂಗೈಯಗಲ ಜಾಗ ಒಣಗಿತ್ತು. ಇದೆಲ್ಲಕ್ಕಿಂತ ನನಗೆ ಸಂಕಟ ಆಗೋದು ಸಿಂಚ್ ಬಿಗಿಯುವಾಗ. ಗೌರಿ ಕಿವಿ ಹಿಂದಕ್ಕೆ ಮಡಚ್ತಾಳೆ. ಹಳೇ ಜೀನಿಗೆ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಮುಲಾಜಿಲ್ಲದೆ ಹೇಳಿ. ಬಿಚ್ಚಬೇಕು ಅಂದರೆ ಬಿಚ್ಚುತ್ತೇನೆ.

ಸಿಂಚ್‌ಗಂಟು

ಇಷ್ಟು ಬಿಡಿಸಿ ಬರೆದದ್ದು ಒಳ್ಳೇದಾಯ್ತು ತಂಗಿ. ನಾನು ಸಾಗರದವನು, ಅರಿಜೋನಾದಲ್ಲಿ 15 ವರ್ಷದಿಂದ ಜೀನು ರಿಪೇರಿ ಮಾಡ್ತೀನಿ. ಕೆತ್ತನೆ ನಿಜಕ್ಕೂ ಚೆನ್ನಾಗಿದೆ. ಸಣ್ಣ ಹೂವು, ಅದನ್ನು ಸುತ್ತಿ ಹೊರಡುವ ಬಳ್ಳಿ, ಒಂದು ಸುತ್ತಿನೊಳಗಿಂದ ಇನ್ನೊಂದು ಸುತ್ತು. ವಯೋಮಿಂಗ್‌ನ ಶೆರಿಡನ್‌ನಲ್ಲಿ ಡಾನ್ ಕಿಂಗ್ ಬೆಳೆಸಿದ ದಾರಿ ಅದು, ನೀವು ಬಳ್ಳಿಯ ಹರಿವನ್ನು ಎಲ್ಲೂ ಕಡಿದಿಲ್ಲ. ಆದರೆ ಕುದುರೆಗೆ ಸಂಬಂಧಪಟ್ಟದ್ದು ಜೀನಿನ ಅಡಿಭಾಗ, ಅದರ ಒಂದು ಫೋಟೋನೂ ನೀವು ಹಾಕಿಲ್ಲ. ಬೋರಲು ಹಾಕಿ, ಹಿಂದಿನಿಂದ ಒಂದು, ಮುಂದಿನಿಂದ ಒಂದು ತೆಗೆದು ಹಾಕಿ.

ಜಾರುವುದಕ್ಕೆ ಮೂರು ಕಡೆ ಕಾರಣ ಇರಬಹುದು: ಜೀನು, ಕುದುರೆ, ಸವಾರ. ಎಷ್ಟೋ ಕುದುರೆಗಳಿಗೆ ಒಂದು ಭುಜ ಇನ್ನೊಂದಕ್ಕಿಂತ ದಪ್ಪ ಇರುತ್ತೆ, ಆ ಭುಜ ಜೀನನ್ನು ಆಚೆ ಬದಿಗೆ ತಳ್ಳುತ್ತೆ. ಸವಾರ ಒಂದು ಕಡೆ ಭಾರ ಹಾಕಿ ಕೂತರೂ ಹಾಗೇ ಆಗುತ್ತೆ. ಹಾಗಾಗಿ ಏನೂ ಬಿಚ್ಚುವ ಮೊದಲು ಇವನ್ನು ಬೇರೆ ಮಾಡಿ. ಹಳೇ ಜೀನನ್ನು ಗೌರಿಗೆ ಹಾಕಿ ನೀವೇ ಓಡಿಸಿ. ಈ ಜೀನನ್ನು ಬೇರೆ ಕುದುರೆಗೆ ಹಾಕಿ. ಬೇರೆಯವರನ್ನೂ ಒಮ್ಮೆ ಕೂರಿಸಿ.

ಆಮೇಲೆ ಅಳತೆ. ಹಿಗ್ಗದ ದಾರ ತಗೊಳ್ಳಿ, ಟೇಪು ಬೇಡ, ತೊಗಲಿನ ಉಬ್ಬಿನ ಮೇಲೆ ಅದು ಮೋಸ ಮಾಡುತ್ತೆ. ಹಾರ್ನ್ ಬುಡದ ನಡುಮಧ್ಯದಿಂದ ಎಡ ರಿಂಗಿನ ಮಧ್ಯಕ್ಕೆ, ಬಲ ರಿಂಗಿನ ಮಧ್ಯಕ್ಕೆ. ಕ್ಯಾಂಟಲ್‌ನ, ಅಂದ್ರೆ ಸೀಟಿನ ಹಿಂದೆ ಎದ್ದಿರುವ ಒರಗಿನ, ಹಿಂಬದಿಯ ನಡುಮಧ್ಯದಿಂದಲೂ ಹಾಗೇ ಎರಡು. ಒಟ್ಟು ನಾಲ್ಕು ಅಳತೆ. ಇನ್ನೊಂದು, ಪ್ಯಾಡ್ ಇಲ್ಲದೆ ಬರೀ ಬೆನ್ನಿನ ಮೇಲೆ ಜೀನು ಇಟ್ಟು, ಸಿಂಚ್ ಹಗುರವಾಗಿ ಬಿಗಿದು, ಬಾರ್‌ನ, ಅಂದ್ರೆ ಟ್ರೀಯಲ್ಲಿ ಬೆನ್ನಿನ ಎರಡೂ ಬದಿಗೆ ಕೂರುವ ಉದ್ದ ಮರದ, ಅಡಿಗೆ ಮುಂದಿನಿಂದ ಹಿಂದಕ್ಕೆ ಅಂಗೈ ಜಾರಿಸಿ. ಒಣಗಿದ ಜಾಗಕ್ಕೆ ಎರಡು ಅರ್ಥ: ಜೀನು ಅಲ್ಲಿ ತಾಗುತ್ತಲೇ ಇಲ್ಲ, ಇಲ್ಲ ಅತಿಯಾಗಿ ಒತ್ತಿ ಬೆವರೇ ಹೊರಡದ ಹಾಗೆ ಮಾಡಿದೆ. ಬೆವರಿನ ಗುರುತು ನೋಡಿ ಯಾವುದು ಅಂತ ಹೇಳೋಕಾಗಲ್ಲ, ಕೈ ಹೇಳುತ್ತೆ. ಒತ್ತಡವೇ ಆಗಿದ್ದರೆ ಸದ್ಯಕ್ಕೆ ಈ ಜೀನಲ್ಲಿ ಸವಾರಿ ನಿಲ್ಲಿಸಿ. ಹಾಗೇ ಬಿಟ್ಟರೆ ಮುಂದೆ ಅಲ್ಲಿ ಬಿಳಿ ಕೂದಲು ಬರುತ್ತೆ, ಅದು ಕೂದಲಿನ ಬುಡವೇ ಕೆಟ್ಟ ಗುರುತು.

ಬೆಳಗಿನಸವಾರಿ

ಬೆಂಗಳೂರಿನಿಂದ. ನಾನು ಓಡಿಸೋದು ಇಂಗ್ಲಿಷ್ ಜೀನಲ್ಲಿ, ಇದು ಗೊತ್ತಿಲ್ಲದೆ ಕೇಳ್ತಿದ್ದೇನೆ. ದಪ್ಪನೆಯ ಪ್ಯಾಡ್ ಹಾಕಿದರೆ ಸರಿಹೋಗಲ್ವಾ? ಅಷ್ಟು ಚೆಂದದ ಕೆಲಸ ಬಿಚ್ಚೋದು ಅಂದರೆ ಹೊಟ್ಟೆ ಉರಿಯುತ್ತೆ.

ಸಿಂಚ್‌ಗಂಟು

ಚಪ್ಪಲಿ ಕಚ್ಚುತ್ತಿದ್ದರೆ ದಪ್ಪ ಕಾಲುಚೀಲ ಹಾಕಿದ ಹಾಗೆ ಆಗುತ್ತೆ. ಒತ್ತುವ ಜಾಗ ಇನ್ನೂ ಬಿಗಿಯಾಗುತ್ತೆ, ಜೀನು ಎತ್ತರಕ್ಕೆ ಹೋಗಿ ಇನ್ನಷ್ಟು ಉರುಳುತ್ತೆ.

ಅಥಣಿಉಳಿ

ನಮಸ್ಕಾರ್ರೀ ಅಕ್ಕಾರ. ನನಗ ಕುದರಿ ಜೀನಿನ ಬಗ್ಗೆ ಗೊತ್ತಿಲ್ರಿ, ತೊಗಲಿನ ಬಗ್ಗೆ ಗೊತ್ತೈತಿ. ನಮ್ಮದು ಅಥಣಿ, ಮನ್ಯಾಗ ಅಜ್ಜನ ಕಾಲದಿಂದ ಕೊಲ್ಹಾಪುರಿ ಚಪ್ಪಲಿ ಮಾಡತೇವಿ. ನಿಮ್ಮ ರಿಕಾಪಿನ ಪಟ್ಟಿ ಉದ್ದ ಆಗೇತಿ ಅಂದ್ರಲ್ಲ, ಅದನ್ನ ಓದಿ ಕೇಳಬೇಕನಿಸ್ತು. ಎಡದ ಪಟ್ಟಿ, ಬಲದ ಪಟ್ಟಿ ತೊಗಲಿನ ಯಾವ ಭಾಗದಾಗ ಕತ್ತರಿಸೀರಿ?

ಬೆನ್ನಿನ ತೊಗಲು ಗಟ್ಟಿ, ಜಗ್ಗಿದ್ರ ಬರೂದಿಲ್ಲ. ಹೊಟ್ಟಿ ಕಡೆ ಬಂದಂಗ ಸಡ್ಲ ಆಕ್ಕೋತ ಹೋಗತೈತಿ. ನಮ್ಮಲ್ಲಿ ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲ ಮ್ಯಾಲೆ ಹೆಬ್ಬೆರಳ ಒತ್ತಿ ಮಡಿಚಿ ನೋಡತೇವ್ರಿ. ಬೆನ್ನಿಂದಾದ್ರ ಮಡಿಕಿ ಸಣ್ಣಗ, ಒತ್ತೊತ್ತಾಗಿ ಬೀಳತಾವ. ಹೊಟ್ಟಿದಾದ್ರ ದೊಡ್ಡ ಸುಕ್ಕು, ಒಳಗ ಗಾಳಿ ಇದ್ದಂಗ. ಅದಕ್ಕ ಒಂದ ಜೋಡಿ ಅಟ್ಟೆ ಯಾವತ್ತೂ ಒಂದ ತೊಗಲಿನ ಒಂದ ಭಾಗದಾಗ ಅಕ್ಕಪಕ್ಕ ಇಟ್ಟು ಕತ್ತರಿಸಬೇಕು ಅಂತ ನಮ್ಮಜ್ಜ ಹೇಳತಿದ್ದ. ಇಲ್ಲಾಂದ್ರ ಆರ ತಿಂಗಳಿಗೆ ಒಂದ ಕಾಲಿಂದು ಸಡ್ಲ, ಒಂದ ಕಾಲಿಂದು ಬಿಗಿ. ತೊಗಲು ಉಳಸಾಕ ಹೋಗಿ ಒಂದ ಪಟ್ಟಿ ಕೆಳಗಿಂದ ತಗದೀರೇನ ಅಂತ ನನ್ನ ಅನುಮಾನ.

ವರದಾತೀರ

ಮೂರು ದಿನ ಇದೇ ಕೆಲಸ. ಒಂದೊಂದಾಗಿ ಹೇಳ್ತೇನೆ.

ಅಥಣಿಯ ಅಣ್ಣಾರ, ನಿಮ್ಮ ಅನುಮಾನ ಖರೇ ಆತು. ಬಲದ ಪಟ್ಟಿ ಬೆನ್ನಿನ ಅಂಚಿನಿಂದ ತೆಗೆದದ್ದು. ಎಡದ್ದನ್ನ ತೊಗಲು ಸಾಲದೆ ಒಂದು ಗೇಣು ಕೆಳಗಿಂದ ತೆಗೆದಿದ್ದೆ. ನೀವು ಹೇಳಿದ ಹಾಗೆ ಮಡಚಿ ನೋಡಿದೆ, ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತೆ. ಕತ್ತರಿಸಿದ ದಿನ ಎರಡೂ ಒಂದೇ ಥರ ಕಂಡಿದ್ದವು.

ಹಳೇ ಜೀನಲ್ಲಿ ಗೌರಿಯನ್ನು ಒಂದು ತಾಸು ಓಡಿಸಿದೆ, ಕೂದಲೆಳೆಯಷ್ಟೂ ಜಾರಲಿಲ್ಲ. ಹೊಸದನ್ನು ಪಕ್ಕದವರ ಗಂಡು ಕುದುರೆಗೆ ಹಾಕಿ ಅವರನ್ನೇ ಕೂರಿಸಿದೆ, ಅಲ್ಲೂ ಬಲಕ್ಕೇ ಹೋಯ್ತು. ಅಂದ ಮೇಲೆ ತಪ್ಪು ಗೌರಿಯದೂ ಅಲ್ಲ, ನಾನು ಕೂರುವುದರದ್ದೂ ಅಲ್ಲ, ಜೀನಿನದೇ.

ದಾರದ ಅಳತೆ: ಹಾರ್ನ್ ಬುಡದಿಂದ ಎಡ ರಿಂಗು ಬಲದ್ದಕ್ಕಿಂತ ಅರ್ಧ ಇಂಚು ಹತ್ತಿರ. ಕ್ಯಾಂಟಲ್‌ನಿಂದ ಎಡದ್ದು ಅಷ್ಟೇ ದೂರ. ಅಂಗೈ ಜಾರಿಸಿದರೆ ಎಡ ಬಾರ್‌ನ ಮುಂದಿನ ತುದಿಯ ಹತ್ತಿರ ಬೆರಳು ಹಿಡಿದುಕೊಳ್ಳುತ್ತೆ, ಬಲಗಡೆ ಅದೇ ಜಾಗದಲ್ಲಿ ಸಲೀಸಾಗಿ ಹೋಗುತ್ತೆ. ಇನ್ನೊಂದು ವಿಷಯ ಮೊದಲು ಗಮನಿಸಿರಲಿಲ್ಲ. ಬೆವರಿನ ಫೋಟೋ ದೊಡ್ಡದು ಮಾಡಿ ನೋಡಿದಾಗ ಬಲಗಡೆ ಹಿಂಭಾಗದಲ್ಲೂ ಒಂದು ಸಣ್ಣ ಒಣ ಮಚ್ಚೆ ಇದೆ, ಎರಡು ಬೆರಳಿನಗಲ.

ಸಿಂಚ್‌ಗಂಟು

ಆ ಎರಡನೇ ಮಚ್ಚೆ ನೋಡಿದಿರಲ್ಲ, ಅದೇ ಉತ್ತರ. ಎಡಗಡೆ ಮುಂದೆ, ಬಲಗಡೆ ಹಿಂದೆ, ಮೂಲೆಯಿಂದ ಮೂಲೆಗೆ. ಸಿಂಚ್ ಬಿಗಿದಾಗ ಎಡಗಡೆ ಎಳೆತ ಮುಂದೆ ಬೀಳುತ್ತೆ, ಬಲಗಡೆ ಹಿಂದೆ ಬೀಳುತ್ತೆ. ಬಟ್ಟೆ ಹಿಂಡಿದ ಹಾಗೆ ಜೀನು ತಿರುಚಿಕೊಂಡು ಕೂರುತ್ತೆ. ಗೌರಿ ಕಿವಿ ಮಡಚಿದ್ದು ಅದಕ್ಕೇ, ಪಟ್ಟಿ ಎಳೆದ ಕ್ಷಣವೇ ಅವಳಿಗೆ ಒಂದು ಬದಿಗೆ ಚುಚ್ಚುತ್ತೆ. ಪ್ಲೇಟ್ ಕೂರಿಸುವಾಗ ಎಲ್ಲಿಂದ ಅಳೆದಿರಿ?

ವರದಾತೀರ

ಎರಡೂ ಕಡೆ ಬಾರ್‌ನ ಮುಂದಿನ ತುದಿಯಿಂದ.

ಸಿಂಚ್‌ಗಂಟು

ಅಲ್ಲೇ ಆಗಿದೆ ಹಾಗಾದರೆ. ಕೈಯಲ್ಲಿ ಮಾಡಿದ ಟ್ರೀಯಲ್ಲಿ ಬಾರ್‌ನ ತುದಿಗಳು ಕಾಲು ಇಂಚು ಆಚೀಚೆ ಇರಬಹುದು, ಅದರ ಮೇಲೆ ಹಸಿದೊಗಲಿನ ಮಡಿಕೆ, ಹೊಲಿಗೆಯ ಉಬ್ಬು ಬೇರೆ. ತುದಿಯನ್ನು ನಂಬಬಾರದು. ಫೋರ್ಕ್‌ನ (ಹಾರ್ನ್ ಕೂತಿರುವ ಮುಂಭಾಗದ) ನಡುಮಧ್ಯ, ಕ್ಯಾಂಟಲ್‌ನ ನಡುಮಧ್ಯ ಗುರುತು ಮಾಡಿ ಅಲ್ಲಿಂದಲೇ ಎಲ್ಲ ಅಳತೆ. ತೊಗಲು ಒದ್ದೆ ಇದ್ದಾಗ ಸ್ಕ್ರೂ ಹಾಕಿದ್ದರೆ ಉಳಿದ ಕಾಲು ಇಂಚು ಅಲ್ಲಿ ಎಳೆದುಕೊಂಡಿರುತ್ತೆ. ಪ್ಲೇಟ್ ತೆಗೆದು, ಹಳೇ ತೂತಿಗೆ ಮರದ ಬೆಣೆ ಅಂಟು ಹಚ್ಚಿ ಹೊಡೆದು, ಒಣಗಿದ ಮೇಲೆ ಹೊಸ ತೂತು ಕೊರೆಯಿರಿ. ಎರಡೂ ಕಡೆ ಒಂದೊಂದೇ ಸ್ಕ್ರೂ ಹಾಕಿ, ನಾಲ್ಕು ಅಳತೆ ಮತ್ತೆ ನೋಡಿ, ಆಮೇಲೆ ಉಳಿದವು.

ಸೀಟಿನ ವಿಷಯ ಬೇರೆಯೇ ರೋಗ. ಜೀನನ್ನು ಸ್ಟ್ಯಾಂಡಿನ ಮೇಲೆ, ಕುದುರೆಯ ಬೆನ್ನಿನ ಮೇಲೆ ಕೂರುವ ಮಟ್ಟಕ್ಕೇ ಇಟ್ಟು, ಒಂದು ಗೋಲಿ ಬಿಡಿ. ಎಲ್ಲಿ ನಿಲ್ಲುತ್ತೆ?

ವರದಾತೀರ

ಗೋಲಿ ಉರುಳಿ ಹೋಗಿ ಕ್ಯಾಂಟಲ್ ಬುಡದ ಹತ್ತಿರ ನಿಲ್ಲುತ್ತೆ. ಮೂರು ಸಲ ಬಿಟ್ಟೆ, ಮೂರೂ ಸಲ ಅಲ್ಲೇ.

ಸಿಂಚ್‌ಗಂಟು

ನೀವೂ ಗೋಲಿಯ ಹಾಗೇ ಅಲ್ಲಿಗೆ ಹೋಗಿ ಕೂರ್ತಿದ್ದೀರಿ. ರಿಕಾಪಿನ ಪಟ್ಟಿ ಬಾರ್‌ನ ತೋಡಿನಿಂದ ನೇತಾಡುತ್ತೆ, ಆ ಜಾಗ ಬದಲಾಗಲ್ಲ. ಕುಂಡೆ ಹಿಂದೆ ಹೋಯ್ತು ಅಂದರೆ ಪಾದ ತಾನಾಗೇ ಮುಂದೆ ಉಳಿಯುತ್ತೆ. ತಗ್ಗಿನ ಜಾಗ ರಿಕಾಪಿನ ಕಡೆಗೆ ಬರಬೇಕು. ಕ್ಯಾಂಟಲ್‌ನಿಂದ ಮುಂದಕ್ಕೆ ಇಳಿಯುವ ಕಡೆ ತೊಗಲಿನ ಇನ್ನೊಂದು ಪದರ ಬೇಕು, ಮುಂದೆ ಬರ್ತಾ ಬರ್ತಾ ಅಂಚು ಕಾಗದದಷ್ಟು ತೆಳ್ಳಗೆ ಕೆತ್ತಿ. ಹಾಗೇ ಹಾರ್ನಿನ ಹಿಂದೆ ತೊಡೆ ಬೀಳುವ ಜಾಗದಲ್ಲಿ ಅಗಲ ಕಡಿಮೆ ಮಾಡಿ, ಫೋಟೋದಲ್ಲಿ ಅಲ್ಲಿ ಮೂಲೆ ಎದ್ದಿರೋದು ಕಾಣ್ತಿದೆ. ಸ್ವಲ್ಪ ಕೆತ್ತಿ, ಕೂತು ನೋಡಿ, ಎದ್ದು ಮತ್ತೆ ಕೆತ್ತಿ. ಕಣ್ಣಳತೆಯಲ್ಲಿ ಇದು ಬರಲ್ಲ.

ಇದಕ್ಕೆ ಅಡ್ಡದಾರಿ ಇಲ್ಲ ತಂಗಿ. ಕ್ಯಾಂಟಲ್ ಬೈಂಡಿಂಗ್, ಅಂದ್ರೆ ಅದರ ಅಂಚಿಗೆ ಹೊಲಿದ ತೊಗಲಿನ ಪಟ್ಟಿ, ಕತ್ತರಿಸಿ ಸೀಟು ಎತ್ತಲೇಬೇಕು. ಒಳಗಿನ ಆಕಾರ ಬದಲಾದ ಮೇಲೆ ಈ ಸೀಟಿನ ತೊಗಲು ಸರಿಯಾಗಿ ಕೂರುತ್ತೆ ಅನ್ನೋ ನಂಬಿಕೆ ನನಗಿಲ್ಲ, ಒದ್ದೆ ಮಾಡಿ ಎಳೆದರೆ ಹೂವು ಚಪ್ಪಟೆ ಆಗುತ್ತೆ. ಹೊಸ ತೊಗಲು ಹಾಕಿ.

ಅಥಣಿಉಳಿ

ಹೊಸ ಪಟ್ಟಿ ಕತ್ತರಿಸಿದ ಮ್ಯಾಲೆ ತೋಯಿಸಿ, ತೂಕ ಕಟ್ಟಿ ಇಳಿಬಿಡ್ರಿ ಅಕ್ಕಾರ, ಎರಡಕ್ಕೂ ಒಂದ ತೂಕ. ಪೂರ್ತಿ ಒಣಗೂತನಕ ಬಿಚ್ಚಬ್ಯಾಡ್ರಿ. ಹಿಗ್ಗೂದೆಲ್ಲ ಮೊದಲ ಹಿಗ್ಗಿ ಬಿಡ್ಲಿ, ತೂತು ಆಮ್ಯಾಲೆ ಹೊಡೀರಿ.

ವರದಾತೀರ

ಎರಡು ತಿಂಗಳಾದ ಮೇಲೆ ಬರೀತಿದ್ದೇನೆ.

ಬೈಂಡಿಂಗ್‌ನ ಹೊಲಿಗೆಗೆ ಚಾಕು ಇಟ್ಟ ದಿನ ಕೈ ನಡುಗಿತು. ಹಳೇ ಸೀಟನ್ನು ಬಿಸಾಡಿಲ್ಲ, ಗೋಡೆಗೆ ಹೊಡೆದಿದ್ದೇನೆ, ಕೆತ್ತನೆ ಹಾಗೇ ಇದೆ. ಹೊಸ ಸೀಟಿಗೆ ಹೂವು ಹಾಕಲಿಲ್ಲ, ಅಂಚಿಗೆ ಮಾತ್ರ ಒಂದು ಬಳ್ಳಿ. ಗ್ರೌಂಡ್ ಸೀಟು ಕೆತ್ತೋದಕ್ಕೇ ಎರಡು ವಾರ ಹೋಯ್ತು. ಸ್ಟ್ಯಾಂಡಿನ ಮೇಲೆ ಕೂತು, ಕಣ್ಣು ಮುಚ್ಚಿ, ಎಲ್ಲಿ ಒತ್ತುತ್ತೆ ಅಂತ ನೋಡಿ, ಇಳಿದು ಅಲ್ಲಿ ಸೀಮೆಸುಣ್ಣದ ಗುರುತು, ಮತ್ತೆ ಕೆತ್ತನೆ. ಈಗ ಗೋಲಿ ಕ್ಯಾಂಟಲ್ ತನಕ ಹೋಗಲ್ಲ, ನಾನು ಕೂರಬೇಕಾದಲ್ಲೇ ನಿಲ್ಲುತ್ತೆ. ರಿಂಗುಗಳ ನಾಲ್ಕು ಅಳತೆಯೂ ಜೋಡಿ ಜೋಡಿ ಸಮ ಬಂದಿವೆ.

ಹೋದ ಶನಿವಾರ ಒಂದೂವರೆ ತಾಸು ಸವಾರಿ. ಇಳಿದಾಗ ಹಾರ್ನ್ ಜೂಲಿನ ನೇರಕ್ಕಿತ್ತು. ಬೆವರಿನ ಗುರುತು ಎರಡೂ ಕಡೆ ಒಂದೇ ಥರ, ಫೋಟೋ ಹಾಕಿದ್ದೇನೆ. ಗೌರಿ ಮೊದಲ ಎರಡು ದಿನ ಸಿಂಚ್ ಕಂಡ ಕೂಡಲೇ ಕಿವಿ ಮಡಚಿದಳು, ನೋವಿನ ನೆನಪು ಅಷ್ಟು ಬೇಗ ಹೋಗಲಿಲ್ಲ. ಮೂರನೇ ದಿನ ಪಟ್ಟಿ ಎಳೆಯುವಾಗ ಹುಲ್ಲು ಅಗಿಯುತ್ತಲೇ ನಿಂತಿದ್ದಳು.

ಒಂದು ಉಳಿದಿದೆ. ಕ್ಯಾಂಟಲ್ ಬೈಂಡಿಂಗ್‌ನ ಕೊನೆಯ ಎರಡು ಇಂಚಿನಲ್ಲಿ, ತಿರುವು ಬರುವ ಕಡೆ, ಹಿಂಬದಿಯ ಹೊಲಿಗೆ ಸಾಲು ಬಿಟ್ಟು ಓಡುತ್ತೆ. ಮುಂದೆ ಸರಿ ಇದೆ.

ಅಥಣಿಉಳಿ

ತಿರುವಿನ್ಯಾಗ ನೀವು ಕೈ ತಿರುಗಸಾಕತ್ತೀರಿ, ಅದಕ್ಕ ಆರಿ (ದಬ್ಬಳ) ಓರಿ ಆಕ್ಕೈತಿ. ಕೈ ಒಂದ ಕಡೆ ಇಟ್ಟು ಜೀನ ತಿರುಗಿಸ್ರಿ. ಆರಿ ತುದಿ ಹಿಂದ ಬರೂ ಜಾಗಕ್ಕ ಎಡಗೈ ಬೆರಳ ಮೊದಲ ಇಟ್ಟಿರ್ರಿ, ತುದಿ ಬೆರಳಿಗೆ ತಾಗಿದ ಕೂಡ್ಲೇ ನಿಲ್ಲಸ್ರಿ, ಸಾಲು ನೋಡಿ ಆಮ್ಯಾಲೆ ಪೂರಾ ಚುಚ್ಚರಿ.

ವರದಾತೀರ

ಆ ಎರಡು ಇಂಚು ಬಿಚ್ಚಿದೆ ಅಣ್ಣಾರ. ಭಾನುವಾರ ಜೀನು ತಿರುಗಿಸಿ ಹೊಲೀತೇನೆ, ಹಿಂಬದಿಯ ಫೋಟೋನೇ ಮೊದಲು ಹಾಕ್ತೇನೆ.