ಹೆಪಟೈಟಿಸ್ ಬಿ ವೈರಸ್‌ನ ಜೀನ್ ಲೆಕ್ಕ ಕೂಡುತ್ತಿಲ್ಲ, ಯಾರಾದರೂ ಹೇಳಿ

ಬಳ್ಳಾರಿ ಲ್ಯಾಬ್ ಹುಡುಗ
ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದೇನೆ. ದಿನಾ ರಕ್ತದಲ್ಲಿ ಈ ವೈರಸ್ ಪತ್ತೆ ಹಚ್ಚುವ ಎಚ್‌ಬಿಎಸ್‌ಎಜಿ ಕಾರ್ಡ್ ಟೆಸ್ಟ್ ಮಾಡುತ್ತೇವೆ, ಎರಡು ಗೆರೆ ಬಂದರೆ ಪಾಸಿಟಿವ್, ಅಷ್ಟೇ ಗೊತ್ತು. ಈ ವೈರಸ್‌ನ ಡಿಎನ್‌ಎ ಸುಮಾರು 3,200 ಅಕ್ಷರ, ನಾಲ್ಕೇ ಜೀನ್. ಅದರಲ್ಲಿ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಎಂಬ ಪ್ರೋಟೀನಿನ ಜೀನ್ ಒಂದೇ ಮುಕ್ಕಾಲು ಭಾಗ ಹಿಡಿದಿದೆಯಂತೆ. ಹಾಗಾದ್ರೆ ಉಳಿದ ಮೂರು ಜೀನ್ ಎಸ್, ಸಿ, ಎಕ್ಸ್ ಎಲ್ಲಿ ಕೂತಿವೆ?

ಕೊಪ್ಪಳ ಮೇಷ್ಟ್ರು
ಒಂದರ ಮೇಲೊಂದು ಕೂತಿವೆ ತಮ್ಮಾ. ‘ಮರಾ ಮರಾ’ ಅಂತ ಬಿಡದೆ ಹೇಳಿದರೆ ‘ರಾಮ ರಾಮ’ ಆಗುತ್ತದಲ್ಲ, ಹಾಗೆ. ಡಿಎನ್‌ಎ ಓದುವುದು ಮೂರು ಮೂರು ಅಕ್ಷರವಾಗಿ. ಒಂದಕ್ಷರ ಸರಿದು ಶುರು ಮಾಡಿದರೆ ಬೇರೆಯದೇ ಪ್ರೋಟೀನ್. ಹೊರಕವಚದ ಎಸ್ ಜೀನ್ ಪೂರ್ತಿ ಪಾಲಿಮರೇಸ್ ಜೀನ್ ಒಳಗೇ ಇದೆ. ನಿನ್ನ ಕಾರ್ಡ್ ಹಿಡಿಯುವುದು ಎಸ್ ಪ್ರೋಟೀನನ್ನೇ. ವೈರಸ್ ಅದನ್ನು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಮಾಡಿ, ಒಳಗೆ ಡಿಎನ್‌ಎ ಇಲ್ಲದ ಖಾಲಿ ಉಂಡೆಗಳಾಗಿ ರಕ್ತಕ್ಕೆ ಬಿಡುತ್ತದೆ, ನಮ್ಮ ಆಂಟಿಬಾಡಿಗಳು ಅವಕ್ಕೇ ಅಂಟಿಕೊಂಡು ಖರ್ಚಾಗುತ್ತವೆ. ಲಸಿಕೆಯಲ್ಲಿರುವುದೂ ಅಂಥದೇ ಉಂಡೆ, ಯೀಸ್ಟ್‌ನಲ್ಲಿ ಮಾಡಿಸಿದ್ದು.

ರಾಯಚೂರು ಅಕ್ಕ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ನನಗೆ ಇದೇ ಭಾಗ ಇಷ್ಟ. 2017ರಲ್ಲಿ ಇದರ ದೂರದ ದಾಯಾದಿಗಳು ಮೀನುಗಳಲ್ಲಿ ಸಿಕ್ಕವು. ಅವಕ್ಕೆ ಹೊರಕವಚವೂ ಇಲ್ಲ, ಎಸ್ ಜೀನೂ ಇಲ್ಲ. 40 ಕೋಟಿ ವರ್ಷಕ್ಕೂ ಹಿಂದೆಯೇ ಬೇರೆಯಾದ ಮನೆತನ. ಅಂದರೆ ಎಸ್ ಜೀನ್ ಹೊರಗಿಂದ ತಂದದ್ದಲ್ಲ, ಆಗಲೇ ಇದ್ದ ಪಾಲಿಮರೇಸ್ ಜೀನ್ ಒಳಗೇ ಮೊಳೆತದ್ದು. ಜಾಗ ಉಳಿಯಿತು, ಆದರೆ ಒಂದಕ್ಷರ ಬದಲಾದರೆ ಎರಡು ಕಡೆ ಪೆಟ್ಟು. ಪಾಲಿಮರೇಸ್ ಕೆಲಸ ತಡೆಯುವ ಲ್ಯಾಮಿವುಡಿನ್ ಮಾತ್ರೆಗೆ ಬಗ್ಗದಂತೆ ಪಾಲಿಮರೇಸ್ ಬದಲಾದಾಗ ಹೊರಕವಚದ ಪ್ರೋಟೀನೂ ಸಾಮಾನ್ಯವಾಗಿ ಬದಲಾಗುತ್ತದೆ, ಪಾಪ, ವೈರಸ್‌ಗೂ ಸಂಸಾರ ತಾಪತ್ರಯ!

ಬಳ್ಳಾರಿ ಲ್ಯಾಬ್ ಹುಡುಗ
ಅಬ್ಬಾ, ಈಗ ತಿಳೀತು. ಮತ್ತೆ ಎಕ್ಸ್? ಮತ್ತೆ ರಿಪೋರ್ಟ್‌ನಲ್ಲಿ ಇ ಆಂಟಿಜೆನ್ ಅಂತ ವೈರಸ್‌ನ ಇನ್ನೊಂದು ಪ್ರೋಟೀನ್ ಬರುತ್ತಲ್ಲ, ಅದೂ ಹೀಗೇ ಸರಿದು ಓದಿದ್ದಾ?

ರಾಯಚೂರು ಅಕ್ಕ
ಎಕ್ಸ್ ಅಂತ ಹೆಸರಿಟ್ಟದ್ದೇ ಕೆಲಸ ಗೊತ್ತಿಲ್ಲದೆ. ಲಿವರ್ ಜೀವಕೋಶದಲ್ಲಿ ವೈರಸ್‌ನ ಡಿಎನ್‌ಎಗೆ ಬೀಗ ಹಾಕುವ ಪ್ರೋಟೀನುಗಳಿವೆ, ಎಕ್ಸ್ ಅವನ್ನು ಒಡೆಸಿ ಹಾಕುತ್ತದೆ. 2016ರಲ್ಲಿ ಗೊತ್ತಾಯಿತು.

ಕೊಪ್ಪಳ ಮೇಷ್ಟ್ರು
ಇ ಆಂಟಿಜೆನ್‌ದು ಬೇರೆ ಕಥೆ. ಅಲ್ಲಿ ಸರಿಯುವುದಿಲ್ಲ, ಅದೇ ಸಿ ಜೀನನ್ನೇ ಸ್ವಲ್ಪ ಹಿಂದಿನಿಂದ ಓದುತ್ತದೆ. ಹಾಗೆ ಓದಿದ್ದು ಕೋಶದ ಹೊರಗೆ ಹೋಗುತ್ತದೆ. ಹಿಂದಿನದನ್ನು ಬಿಟ್ಟು ಓದಿದರೆ ಒಳಗೇ ಉಳಿದು ಡಿಎನ್‌ಎಗೆ ಡಬ್ಬಿಯಾಗುತ್ತದೆ.